ಬಸಿರಿಗೆ ಕಿವಿಗೊಟ್ಟ ಕಥೆ

ವಿಜಯಪುರದ ಗೋಳಗುಮ್ಮಟ ನೋಡಲು ಹೋದವರು ಮೇಲಿನ ಪಿಸುಮಾತಿನ ಗ್ಯಾಲರಿಯನ್ನು ಹತ್ತದೆ ಇಳಿಯುವುದಿಲ್ಲ. ಒಂದು ಬದಿಯ ಗೋಡೆಗೆ ಬಾಯಿ ಹಚ್ಚಿ ಆಡಿದ ಪಿಸುಮಾತು, ಸುಮಾರು 38 ಮೀಟರು ಆಚೆ ಎದುರು ಬದಿಯಲ್ಲಿ ಕಿವಿಯಿಟ್ಟು ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಮಹಮ್ಮದ್ ಆದಿಲ್‌ಶಾಹನ ಈ ಸಮಾಧಿಯ ಕೆಲಸ ನಿಂತದ್ದು 1656ರ ಸುಮಾರಿಗೆ. ಅಷ್ಟು ದೂರದ ಪಿಸುಮಾತನ್ನು ಹಿಡಿದುಕೊಡುವ ಗುಮ್ಮಟವನ್ನು ಕಟ್ಟಿದ ಆ ಕಾಲದಲ್ಲಿ, ಒಂದು ಗೇಣಿನ ಆಚೆ ಇದ್ದ ಇನ್ನೊಂದು ಸದ್ದನ್ನು ಕೇಳಿ ಅರ್ಥಮಾಡಿಕೊಳ್ಳುವ ವಿದ್ಯೆ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಇನ್ನೂ ಬೆಳೆದಿರಲಿಲ್ಲ. ಆ ಸದ್ದು ಬಸುರಿಯ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ.

ನಗರದ ಪಡುವಣ ಅಂಚಿನಲ್ಲಿ ಭೂತನಾಳವಿದೆ. ಬ್ರಿಟಿಷರ ಕಾಲದಲ್ಲಿ ಕಟ್ಟಿದ ಇಲ್ಲಿನ ಕೆರೆ ಬಹುಕಾಲ ನಗರದ ಬಾಯಾರಿಕೆ ತಣಿಸಿದೆ. ಇಂದು ಭೂತನಾಳದ ಬಸುರಿಗೆ ಬ್ಯಾನಿ ಶುರುವಾದರೆ ಆಟೋದಲ್ಲಿಯೋ 108 ಗಾಡಿಯಲ್ಲಿಯೋ ಸ್ವಲ್ಪ ಹೊತ್ತಿನಲ್ಲೇ ನಗರದ ಆಸ್ಪತ್ರೆ ಸೇರಬಹುದು. ಅಲ್ಲಿ ಮಂಚದ ಮೇಲೆ ಮಲಗಿಸಿದ ಕೂಡಲೇ ನರ್ಸಬಾಯಿ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಹೊಟ್ಟೆಯ ಮೇಲೆ ಕೈಯಾಡಿಸಿ ಕೂಸಿನ ಬೆನ್ನು ಯಾವ ಕಡೆ ಇದೆಯೆಂದು ನೋಡಿ, ಅಲ್ಲಿ ಡಾಪ್ಲರ್ ಎಂಬ ಸಣ್ಣ ಯಂತ್ರವನ್ನೋ ಫೀಟೋಸ್ಕೋಪ್ ಎಂಬ ಕೊಳವೆಯನ್ನೋ ಇಡುವುದು. ಕುದುರೆ ಓಡಿದಂಥ ಸದ್ದು ಕೇಳಿಬಂದರೆ ಸುತ್ತ ನಿಂತವರ ಮುಖ ಅರಳುತ್ತದೆ. 'ಕೂಸಿನ ಬಡಿತ ಛಲೋ ಐತಿ, ಹೆದರಬ್ಯಾಡವಾ' ಎಂಬ ಒಂದು ಮಾತು ಬಸುರಿಯ ಅರ್ಧ ಭಯವನ್ನು ಇಳಿಸುತ್ತದೆ.

ಈ ಒಂದು ನಿಮಿಷದ ಕೆಲಸದ ಹಿಂದೆ ಇನ್ನೂರು ವರ್ಷಗಳ ಕಥೆಯಿದೆ. ಬರಿಗಿವಿಯಿಂದ ಶುರುವಾಗಿ, ಮರದ ಕೊಳವೆಯನ್ನು ದಾಟಿ, ಲಕ್ಷಾಂತರ ರೂಪಾಯಿಯ ಯಂತ್ರದವರೆಗೆ ಬಂದ ಈ ಕಥೆ ಕೊನೆಗೆ ಮತ್ತೆ ಕಿವಿಯ ಬಳಿಗೇ ತಿರುಗಿ ಬಂದಿರುವುದು ಅದರ ವಿಶೇಷ.

ಸೂಲಗಿತ್ತಿಯ ಅಂಗೈ

ಎರಡು ತಲೆಮಾರಿನ ಹಿಂದೆ ಈ ಭಾಗದ ಹೆರಿಗೆಗಳು ಬಹುಮಟ್ಟಿಗೆ ಮನೆಯಲ್ಲಿಯೇ ಆಗುತ್ತಿದ್ದವು. ಚೊಚ್ಚಲ ಬಸುರಿ ಕುಬಸದ ಕಾರ್ಯ ಮುಗಿಸಿಕೊಂಡು ತವರಿಗೆ ಬರುತ್ತಿದ್ದಳು. ಬ್ಯಾನಿ ಬಂದಾಗ ಊರಿನ ಸೂಲಗಿತ್ತಿಗೆ ಕರೆ ಹೋಗುತ್ತಿತ್ತು. ಆಕೆಯ ಉಪಕರಣವೆಂದರೆ ಅಂಗೈ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ, ಬೆನ್ನು ಎಲ್ಲಿದೆ, ಮಿಸುಕಾಡುತ್ತಿದೆಯೇ ಇಲ್ಲವೇ ಎಂದು ಹೇಳುವುದು ಆಕೆಯ ಜಾಣತನ. 'ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು' ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ತಾಯಿ ಉಳಿದಳು ಎಂದರೆ ಅದೇ ದೊಡ್ಡದು ಎನ್ನುವ ಕಾಲದಲ್ಲಿ ಒಳಗಿನ ಕೂಸಿನ ಕಷ್ಟ ಹೊರಗಿನವರಿಗೆ ತಿಳಿಯುವ ದಾರಿ ಕಡಿಮೆಯಿತ್ತು.

ಈ ಪರಂಪರೆಯ ದೊಡ್ಡ ಹೆಸರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರದು. 1920ರಲ್ಲಿ ಹುಟ್ಟಿದ ಅವರು ಅಜ್ಜಿಯಿಂದ ವಿದ್ಯೆ ಕಲಿತು, 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರೆಂಬುದು ಖ್ಯಾತಿ. ಹೊಟ್ಟೆ ಮುಟ್ಟಿಯೇ ಕೂಸಿನ ನಾಡಿಯನ್ನೂ ತಲೆಯಿರುವ ಜಾಗವನ್ನೂ ಹೇಳುತ್ತಿದ್ದರು ಎಂದು ಅವರನ್ನು ಬಲ್ಲವರು ನೆನೆಯುತ್ತಾರೆ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಂಥ ಕೈಗಳ ಅನುಭವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಅನುಭವವನ್ನು ಅಂಕಿಯಲ್ಲಿ ಬರೆದು ಇನ್ನೊಬ್ಬರ ಕೈಗೆ ದಾಟಿಸುವುದು ಸಾಧ್ಯವಿರಲಿಲ್ಲ. ಅದಕ್ಕೆ ಸದ್ದು ಬೇಕಾಗಿತ್ತು.

ಪ್ಯಾರಿಸಿನ ಮರದ ಕೊಳವೆ

ಕೂಸಿನ ಎದೆಬಡಿತ ಕೇಳಿಸುತ್ತದೆ ಎಂದು ಹೇಳಿದ ಮೊದಲಿಗನೆಂದು ಫ್ರಾನ್ಸಿನ ಮಾರ್ಸಾಕ್ ಎಂಬ ವೈದ್ಯನನ್ನು ಹೆಸರಿಸುವುದುಂಟು. ಗೋಳಗುಮ್ಮಟ ಏಳುತ್ತಿದ್ದ ಹೊತ್ತಿಗೇ, 1650ರ ಸುಮಾರಿನಲ್ಲಿ, ಆತನ ಸಹವೈದ್ಯನೊಬ್ಬ ಈ ಮಾತನ್ನು ಪದ್ಯವೊಂದರಲ್ಲಿ ಗೇಲಿ ಮಾಡಿದ್ದ. ಗೇಲಿಯಲ್ಲಿಯೇ ಆ ವಿಷಯ ಮುಗಿದುಹೋಯಿತು. ಮುಂದೆ ಒಂದೂವರೆ ಶತಮಾನ ಅದನ್ನು ಎತ್ತಿಕೊಂಡವರಿಲ್ಲ.

1816ರಲ್ಲಿ ಪ್ಯಾರಿಸಿನ ರೆನೆ ಲೆನೆಕ್ ಎಂಬ ವೈದ್ಯನ ಬಳಿ ಎದೆಯ ಕಾಯಿಲೆಯ ಯುವತಿಯೊಬ್ಬಳು ಬಂದಳು. ಹೆಣ್ಣುಮಗಳ ಎದೆಗೆ ನೇರವಾಗಿ ಕಿವಿ ಹಚ್ಚಲು ಆತನಿಗೆ ಸಂಕೋಚ. ಕಾಗದವನ್ನು ಸುರುಳಿ ಸುತ್ತಿ ಒಂದು ತುದಿ ಆಕೆಯ ಎದೆಗೂ ಇನ್ನೊಂದು ತನ್ನ ಕಿವಿಗೂ ಇಟ್ಟುಕೊಂಡ. ಬರಿಗಿವಿಗಿಂತಲೂ ಸ್ಪಷ್ಟವಾಗಿ ಬಡಿತ ಕೇಳಿಸಿತು. ಆ ಸುರುಳಿಯೇ ಮುಂದೆ ಮರದ ಕೊಳವೆಯಾಗಿ, ಇಂದು ಎಲ್ಲ ವೈದ್ಯರ ಕೊರಳಿನಲ್ಲಿರುವ ಸ್ಟೆತಾಸ್ಕೋಪಿನ ಮೂಲವಾಯಿತು. ಸಂಕೋಚವೊಂದು ವೈದ್ಯಶಾಸ್ತ್ರಕ್ಕೆ ಹೊಸ ಕಿವಿಯನ್ನು ಕೊಟ್ಟಿತು.

ಇತ್ತ 1818ರಲ್ಲಿ ಜಿನೀವಾದ ಶಸ್ತ್ರವೈದ್ಯ ಫ್ರಾನ್ಸ್ವಾ ಮಯೋರ್, ಬಸುರಿಯ ಹೊಟ್ಟೆಗೆ ಕಿವಿಯಿಟ್ಟರೆ ತಾಯಿಯ ನಾಡಿಗಿಂತ ಬೇರೆಯಾದ ಕೂಸಿನ ಎದೆಬಡಿತ ಕೇಳುತ್ತದೆ, ಅದರಿಂದ ಕೂಸು ಜೀವಂತವಿದೆಯೇ ಎಂದು ತಿಳಿಯಬಹುದು ಎಂದು ತೋರಿಸಿದ. ಇದನ್ನು ಅರಿಯದೆಯೇ ಅದೇ ದಾರಿಗೆ ಬಂದವನು ಲೆನೆಕ್‌ನ ಪರಿಚಿತನಾದ ಕೆರ್ಗರಾದೆಕ್. ಹೊಟ್ಟೆಯೊಳಗಿನ ನೀರಿನಲ್ಲಿ ಕೂಸು ಹೊರಳಿದಾಗ ಸದ್ದಾಗುತ್ತದೆಯೇ ಎಂದು ತಿಳಿಯುವ ಕುತೂಹಲದಿಂದ ಆತ ಬಸುರಿಯೊಬ್ಬಳ ಹೊಟ್ಟೆಯ ಮೇಲೆ ಹೊಸ ಕೊಳವೆಯನ್ನಿಟ್ಟ. ಕೇಳಿದ್ದು ನೀರಿನ ಸದ್ದಲ್ಲ. ಗಡಿಯಾರದ ಟಿಕ್‌ಟಿಕ್‌ನಂಥ ಜೋಡಿ ಬಡಿತ, ನಿಮಿಷಕ್ಕೆ 140ಕ್ಕೂ ಮೇಲೆ. ತಾಯಿಯ ನಾಡಿ ಅದರ ಅರ್ಧದಷ್ಟೇ ಇತ್ತು. ಹಾಗಾದರೆ ಇದು ಆಕೆಯ ಬಡಿತವಾಗಿರಲು ಸಾಧ್ಯವಿಲ್ಲ.

1821ರ ಡಿಸೆಂಬರ್ 26ರಂದು ಪ್ಯಾರಿಸಿನ ವೈದ್ಯ ಅಕಾಡೆಮಿಯ ಮುಂದೆ ಕೆರ್ಗರಾದೆಕ್ ತನ್ನ ಪ್ರಬಂಧವನ್ನು ಓದಿದ. ಅದರಲ್ಲಿ ಆತ ಎತ್ತಿದ ಒಂದು ಪ್ರಶ್ನೆಗೆ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಬಡಿತದ ವೇಗ ಮತ್ತು ಬಲದಲ್ಲಿ ಆಗುವ ಏರಿಳಿತದಿಂದ ಕೂಸಿನ ಕ್ಷೇಮವನ್ನು ಅಳೆಯಬಹುದಲ್ಲವೇ ಎಂಬುದು ಆ ಪ್ರಶ್ನೆ. ಇನ್ನೂರು ವರ್ಷ ಕಳೆದರೂ ಹೆರಿಗೆ ಕೋಣೆಗಳಲ್ಲಿ ಉತ್ತರ ಹುಡುಕುತ್ತಿರುವುದು ಈ ಪ್ರಶ್ನೆಗೇ.

ಬದುಕಿದೆಯೋ ಇಲ್ಲವೋ

ಆ ಕಾಲದಲ್ಲಿ ಕೂಸು ಜೀವಂತವಿದೆಯೇ ಎಂದು ತಿಳಿಯುವುದು ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಸಿಸೇರಿಯನ್ ಮಾಡಿದರೆ ತಾಯಿ ಉಳಿಯುವ ಭರವಸೆ ತೀರಾ ಕಡಿಮೆಯಿತ್ತು. ತಲೆ ಸಿಕ್ಕಿಕೊಂಡು ದಿನಗಟ್ಟಲೆ ಹೆರಿಗೆ ಆಗದಿದ್ದಾಗ, ತಾಯಿಯನ್ನಾದರೂ ಉಳಿಸಿಕೊಳ್ಳಲು ವೈದ್ಯರು ಕೂಸಿನ ತಲೆಯನ್ನು ಒಡೆದು ಹೊರತೆಗೆಯುತ್ತಿದ್ದರು. ಕೂಸು ಆಗಲೇ ಸತ್ತಿದ್ದರೆ ಅದು ಅನಿವಾರ್ಯ ಕೆಲಸ. ಬದುಕಿದ್ದರೆ ಕೊಲೆ. ಎರಡರ ನಡುವಿನ ಗೆರೆಯನ್ನು ಕೈಯಿಂದ ಮುಟ್ಟಿ ಗುರುತಿಸುವುದು ಸುಲಭವಾಗಿರಲಿಲ್ಲ. ಕೊಳವೆಯ ಮೊದಲ ಉಪಕಾರ ಆದದ್ದು ಇಲ್ಲಿ.

ಡಬ್ಲಿನ್ನಿನ ರೊಟುಂಡಾ ಹೆರಿಗೆ ಆಸ್ಪತ್ರೆಯ ಎವರಿ ಕೆನಡಿ 1833ರಲ್ಲಿ ಈ ವಿಷಯದ ಮೇಲೆ ಒಂದು ಪುಸ್ತಕವನ್ನೇ ಬರೆದ. ನೋವು ಬಂದಾಗ, ನೋವು ಇಳಿದಾಗ ಬಡಿತ ಹೇಗೆ ಬದಲಾಗುತ್ತದೆ ಎಂಬುದರ ಕಡೆಗೆ ವೈದ್ಯರ ಗಮನ ಹರಿಯತೊಡಗಿತು. 1893ರಲ್ಲಿ ಜರ್ಮನಿಯ ವಾನ್ ವಿಂಕೆಲ್ ನಿಮಿಷಕ್ಕೆ 120ರಿಂದ 160 ಎಂಬ ಮಿತಿಯನ್ನು ಹಾಕಿಕೊಟ್ಟ. ಇಂದು ಅದನ್ನು 110ರಿಂದ 160 ಎಂದು ತುಸು ಸಡಿಲಿಸಲಾಗಿದೆ. ಇದೇ ಕಾಲದಲ್ಲಿ ಪ್ಯಾರಿಸಿನ ಅಡಾಲ್ಫ್ ಪಿನಾರ್ ತುತ್ತೂರಿಯಂಥ ಅಗಲ ಬಾಯಿಯ ಪುಟ್ಟ ಕೊಳವೆಯನ್ನು ರೂಪಿಸಿದ. ಅಗಲದ ಬಾಯಿ ಹೊಟ್ಟೆಯ ಮೇಲೆ, ಚಪ್ಪಟೆ ತುದಿ ಕೇಳುವವರ ಕಿವಿಗೆ. ಕೇಳುವಾಗ ಕೊಳವೆಯನ್ನು ಕೈಯಿಂದ ಹಿಡಿಯಬಾರದು, ಹಿಡಿದರೆ ಬೆರಳಿನ ಸದ್ದು ಸೇರಿಕೊಳ್ಳುತ್ತದೆ. ವಿದ್ಯುತ್ತು ಬೇಡ, ಬ್ಯಾಟರಿ ಬೇಡ, ರಿಪೇರಿ ಇಲ್ಲ. ಮರದ್ದೋ ಅಲ್ಯುಮಿನಿಯಂನದೋ ಆದ ಈ ಕೊಳವೆಗೆ ಇಂದಿಗೂ ಕೆಲಸ ತಪ್ಪಿಲ್ಲ.

ಬಡಿತ ಹೇಳುವುದೇನು

ಬಸಿರಿನಲ್ಲಿರುವ ಕೂಸು ಉಸಿರಾಡುವುದು ತನ್ನ ಶ್ವಾಸಕೋಶದಿಂದಲ್ಲ. ತಾಯಿಯ ರಕ್ತದಿಂದ ಆಮ್ಲಜನಕವನ್ನು ಮಾಸು ಪಡೆದು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ತಲುಪಿಸುತ್ತದೆ. ಹೆರಿಗೆಯಲ್ಲಿ ಪ್ರತಿ ನೋವು ಬಂದಾಗಲೂ ಗರ್ಭಕೋಶ ಬಿಗಿಯುತ್ತದೆ, ಮಾಸಿಗೆ ಬರುವ ರಕ್ತ ಅಷ್ಟು ಹೊತ್ತು ಕಡಿಮೆಯಾಗುತ್ತದೆ. ಚೆನ್ನಾಗಿ ಬೆಳೆದ ಕೂಸು ಇದನ್ನು ತಾಳಿಕೊಳ್ಳುತ್ತದೆ. ನೋವು ಇಳಿದ ಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿ ಏಳುವ ಈಜುಗಾರನಿಗೆ ಇದನ್ನು ಹೋಲಿಸಬಹುದು. ಮುಳುಗುಗಳ ನಡುವೆ ಉಸಿರೆಳೆಯಲು ಸಮಯ ಸಿಗಬೇಕು, ಎದೆಯಲ್ಲಿ ಕಸುವಿರಬೇಕು.

ಬಳ್ಳಿ ಒತ್ತಿಕೊಂಡರೆ, ಮಾಸು ಮೊದಲೇ ದುರ್ಬಲವಾಗಿದ್ದರೆ, ನೋವು ತೀರಾ ಬಿರುಸಾಗಿ ಬಿಡುವಿಲ್ಲದೆ ಬರುತ್ತಿದ್ದರೆ, ಆ ಕಸುವು ಕರಗತೊಡಗುತ್ತದೆ. ಆಗ ಬಡಿತ ಇಳಿಯುತ್ತದೆ, ನೋವು ಮುಗಿದ ಮೇಲೂ ಬೇಗ ಮೇಲೇರುವುದಿಲ್ಲ. ಆದ್ದರಿಂದ ನೋವು ಮುಗಿಯುತ್ತಿದ್ದಂತೆಯೇ ಪೂರ್ತಿ ಒಂದು ನಿಮಿಷ ಕೇಳಬೇಕು ಎನ್ನುತ್ತಾರೆ. ಬಹಳ ಹೊತ್ತಿನ ಬಳಿಕ ಕೇಳಿದರೆ ಇಳಿದದ್ದು ಏರಿಬಿಟ್ಟಿರುತ್ತದೆ, ಅಪಾಯ ಕಣ್ಣು ತಪ್ಪಿಸಿಕೊಳ್ಳುತ್ತದೆ. ಕೇಳುವಾಗಲೇ ಇನ್ನೊಂದು ಕೈಯಲ್ಲಿ ತಾಯಿಯ ನಾಡಿಯನ್ನೂ ಹಿಡಿದಿರಬೇಕು. ಗಾಬರಿಯಲ್ಲಿ ತಾಯಿಯ ನಾಡಿಯೇ ನೂರು ದಾಟಿರುವುದುಂಟು. ಅದನ್ನು ಕೂಸಿನ ಬಡಿತವೆಂದು ಎಣಿಸಿ ನೆಮ್ಮದಿಯಾಗಿ ಕುಳಿತರೆ ಅನಾಹುತವೇ ಸರಿ.

ಬಡಿತ ತಪ್ಪಿದೆ ಎಂದ ಮಾತ್ರಕ್ಕೆ ಕತ್ತರಿ ಹಿಡಿಯಬೇಕೆಂದೇನೂ ಇಲ್ಲ. ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಿ, ನೋವು ಹೆಚ್ಚಿಸುವ ಔಷಧಿಯ ಹನಿಯನ್ನು ನಿಲ್ಲಿಸಿ, ಬಳ್ಳಿ ಜಾರಿದೆಯೇ ಎಂದು ಪರೀಕ್ಷಿಸಿದರೆ ಎಷ್ಟೋ ಸಲ ಬಡಿತ ಸರಿಹೋಗುತ್ತದೆ. ಹೋಗದಿದ್ದರೆ ಬೇಗ ಹೆರಿಗೆ ಮಾಡಿಸಬೇಕು. ಇವೆರಡರಲ್ಲಿ ಯಾವುದು ಎಂಬ ತೀರ್ಮಾನಕ್ಕೆ ಸಿಗುವ ಸಮಯ ಕೆಲವೇ ನಿಮಿಷ. ಕೂಸಿನ ಮಿದುಳಿಗೆ ಆಮ್ಲಜನಕ ಸಾಲದೆ ಹೋದರೆ ಅದು ಸಾಯಬಹುದು, ಉಳಿದರೂ ಬದುಕಿಡೀ ಊನ ಹೊತ್ತುಕೊಳ್ಳಬಹುದು.

ಯಂತ್ರ ಬಂತು

ನಡುನಡುವೆ ಒಂದೊಂದು ನಿಮಿಷ ಕೇಳುವ ಬದಲು ಇಡೀ ಹೆರಿಗೆಯುದ್ದಕ್ಕೂ ಬಿಡದೆ ಕೇಳಿದರೆ? ಈ ಯೋಚನೆಯೇ ಯಂತ್ರಕ್ಕೆ ದಾರಿಯಾಯಿತು. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಹಾನ್ ಕೂಸಿನ ಹೃದಯದ ವಿದ್ಯುತ್ ಸಂಕೇತವನ್ನು ಎಡೆಬಿಡದೆ ದಾಖಲಿಸುವ ವಿಧಾನವನ್ನು ಪ್ರಕಟಿಸಿದ. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಕಾಲ್ದೈರೊ ಬಾರ್ಸಿಯಾ, ಜರ್ಮನಿಯಲ್ಲಿ ಹಮಾಖರ್ ಇದೇ ದಾರಿಯಲ್ಲಿದ್ದರು. 1960ರ ದಶಕದಲ್ಲಿ ಡಾಪ್ಲರ್ ತತ್ವವೂ ಕೈಗೂಡಿತು. ಎದುರಿಗೆ ಬರುವ ರೈಲಿನ ಸಿಳ್ಳೆ ಏರುದನಿಯಲ್ಲಿಯೂ ದಾಟಿಹೋದ ಮೇಲೆ ಇಳಿದನಿಯಲ್ಲಿಯೂ ಕೇಳಿಸುವುದನ್ನು ಎಲ್ಲರೂ ಬಲ್ಲರು. ಅದೇ ರೀತಿ ಕಿವಿಗೆ ಕೇಳದಷ್ಟು ಸೂಕ್ಷ್ಮ ಶಬ್ದತರಂಗವನ್ನು ಹೊಟ್ಟೆಯೊಳಗೆ ಕಳುಹಿಸಿದರೆ, ಮಿಡಿಯುವ ಹೃದಯಕ್ಕೆ ತಾಗಿ ಅದು ಬದಲಾಗಿ ಮರಳುತ್ತದೆ. ಆ ಬದಲಾವಣೆಯನ್ನು ಯಂತ್ರ ಸದ್ದಾಗಿ ಮಾಡಿಕೊಡುತ್ತದೆ. ಆಸ್ಪತ್ರೆಯಲ್ಲಿ ಕೇಳುವ ಕುದುರೆಯೋಟ ಹೃದಯದ ನಿಜ ಸದ್ದಲ್ಲ, ಯಂತ್ರ ಅದಕ್ಕೆ ಕೊಟ್ಟ ದನಿ.

1968ರಲ್ಲಿ ಇಂಥ ಯಂತ್ರ ಮಾರುಕಟ್ಟೆಗೆ ಬಂತು. ಹೊಟ್ಟೆಗೆ ಎರಡು ಪಟ್ಟಿ ಕಟ್ಟಿದರೆ ಒಂದು ಕೂಸಿನ ಬಡಿತವನ್ನೂ ಇನ್ನೊಂದು ಗರ್ಭಕೋಶದ ಬಿಗಿತವನ್ನೂ ಉದ್ದನೆಯ ಕಾಗದದ ಮೇಲೆ ಗೀಚುತ್ತ ಹೋಗುತ್ತದೆ. ಅದೇ ವರ್ಷ ಅಮೆರಿಕದಲ್ಲಿ 24,863 ಹೆರಿಗೆಗಳ ದಾಖಲೆಯನ್ನು ಪರಿಶೀಲಿಸಿದ ವರದಿಯೊಂದು, ಕೂಸು ತೀರಾ ಅಪಾಯದಲ್ಲಿದ್ದಾಗಿನ ಹೊರತು ಕೊಳವೆಯ ಎಣಿಕೆಯಿಂದ ಅದರ ಸಂಕಟವನ್ನು ಖಚಿತವಾಗಿ ಹೇಳಲಾಗದು ಎಂದಿತು. ಕೊಳವೆಯ ಕಾಲ ಮುಗಿಯಿತು ಎಂದು ಬಹಳ ಮಂದಿ ಅಂದುಕೊಂಡರು. ಯಂತ್ರದ ಕಾಗದ ಸುಳ್ಳು ಹೇಳುವುದಿಲ್ಲ, ಇನ್ನು ಹೆರಿಗೆಯಲ್ಲಿ ಕೂಸುಗಳು ಸಾಯುವುದಿಲ್ಲ, ಮಿದುಳಿನ ಊನ ಇರುವುದಿಲ್ಲ ಎಂಬ ಭರವಸೆ ಹುಟ್ಟಿತು. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಕೆಲವೇ ವರ್ಷಗಳಲ್ಲಿ ಯಂತ್ರ ಸಾಮಾನ್ಯವಾಯಿತು. ಅದು ನಿಜವಾಗಿ ಜೀವ ಉಳಿಸುತ್ತದೆಯೇ ಎಂದು ಪರೀಕ್ಷಿಸುವ ಮೊದಲೇ ಅದು ಹೆರಿಗೆ ಕೋಣೆಯನ್ನು ಹೊಕ್ಕಿತ್ತು.

ಡಬ್ಲಿನ್ನಿನ ಪಾಠ

ಪರೀಕ್ಷೆ ಆದದ್ದು ಆಮೇಲೆ. 1976ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಹ್ಯಾವರ್‌ಕ್ಯಾಂಪ್ ಮತ್ತು ಸಂಗಡಿಗರು ಅಪಾಯ ಹೆಚ್ಚಿದ್ದ 483 ಬಸುರಿಯರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಯಂತ್ರ, ಇನ್ನೊಂದಕ್ಕೆ ದಾದಿಯ ಕಿವಿ. ಕೂಸುಗಳ ಕ್ಷೇಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಿಸೇರಿಯನ್ ಮಾತ್ರ ಯಂತ್ರದ ಗುಂಪಿನಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು.

ಎವರಿ ಕೆನಡಿ ಪುಸ್ತಕ ಬರೆದ ಡಬ್ಲಿನ್ ನಗರದಲ್ಲಿಯೇ, ಬೇರೊಂದು ಹೆರಿಗೆ ಆಸ್ಪತ್ರೆಯಲ್ಲಿ, ಇದಕ್ಕಿಂತ ಬಹು ದೊಡ್ಡ ಪರೀಕ್ಷೆ ನಡೆದು 1985ರಲ್ಲಿ ಅದರ ಫಲ ಹೊರಬಂತು. ಅದರಲ್ಲಿದ್ದವರು 12,964 ಮಹಿಳೆಯರು. ಯಂತ್ರದ ಗುಂಪಿನಲ್ಲಿ ಹುಟ್ಟಿದ ಕೂಸುಗಳಿಗೆ ಫಿಟ್ಸ್ ಬರುವುದು ಅರ್ಧಕ್ಕೆ ಇಳಿದಿತ್ತು. ಇದು ಸಣ್ಣ ಲಾಭವಲ್ಲ. ಆದರೆ ಸಾವಿನಲ್ಲಿ ವ್ಯತ್ಯಾಸವಿರಲಿಲ್ಲ. ಮಕ್ಕಳಿಗೆ ನಾಲ್ಕು ವರ್ಷವಾದಾಗ ನೋಡಿದರೆ ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ಊನವೂ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಮುಂದೆ ಬೇರೆ ಬೇರೆ ದೇಶಗಳ 13 ಪರೀಕ್ಷೆಗಳನ್ನು, 37 ಸಾವಿರಕ್ಕೂ ಮೇಲ್ಪಟ್ಟ ಮಹಿಳೆಯರ ಲೆಕ್ಕವನ್ನು ಒಟ್ಟುಗೂಡಿಸಿದಾಗಲೂ ಇದೇ ಚಿತ್ರ ಮೂಡಿತು. ಫಿಟ್ಸ್ ಅರ್ಧಕ್ಕೆ ಇಳಿಯುತ್ತದೆ, ಸಾವು ಮತ್ತು ಊನ ಇಳಿಯುವುದಿಲ್ಲ, ಸಿಸೇರಿಯನ್ ಹೆಚ್ಚುತ್ತದೆ.

ಕಾರಣ ತಿಳಿಯದ್ದೇನಲ್ಲ. ಕಾಗದದ ಮೇಲೆ ಗೆರೆ ಸ್ವಲ್ಪ ಕುಸಿದರೆ ಸಾಕು, ವೈದ್ಯರಿಗೆ ಎದೆ ಢವಢವ ಎನ್ನುತ್ತದೆ. ಆದರೆ ಹಾಗೆ ಕುಸಿದ ಗೆರೆಗಳ ಹಿಂದಿನ ಬಹುಪಾಲು ಕೂಸುಗಳು ಕ್ಷೇಮವಾಗಿಯೇ ಇರುತ್ತವೆ. ಒಂದೇ ಗೆರೆಯನ್ನು ಇಬ್ಬರು ತಜ್ಞರು ಎರಡು ಬಗೆಯಾಗಿ ಓದುವುದೂ ಉಂಟು.

ಹಾಗೆಂದು ಯಂತ್ರ ನಿರುಪಯೋಗಿ ಎಂದಲ್ಲ. ತಾಯಿಗೆ ರಕ್ತದೊತ್ತಡವಿದ್ದರೆ, ಕೂಸಿನ ಬೆಳವಣಿಗೆ ಕುಂಠಿತವಾಗಿದ್ದರೆ, ನೋವು ಹೆಚ್ಚಿಸುವ ಔಷಧಿ ಕೊಟ್ಟಿದ್ದರೆ, ಒಡೆದ ನೀರು ಹಸುರಾಗಿದ್ದರೆ ವೈದ್ಯರು ಅದನ್ನು ಬಳಸುತ್ತಾರೆ, ಬಳಸಬೇಕು ಕೂಡ. ಆದರೆ ತಾನಾಗಿ ನೋವು ಬಂದ ಆರೋಗ್ಯವಂತ ಬಸುರಿಗೆ ಎಡೆಬಿಡದ ಯಂತ್ರ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಕೈಡಾಪ್ಲರ್ ಆಗಲಿ ಪಿನಾರ್ ಕೊಳವೆಯಾಗಲಿ ಸಾಕು. ನೋವು ಬಲಿತು ಗರ್ಭಕೋಶದ ಬಾಯಿ 5 ಸೆಂಟಿಮೀಟರು ತೆರೆದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಕೂಸು ಹೊರಬರುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ, ಪ್ರತಿ ಸಲವೂ ಕನಿಷ್ಠ ಒಂದು ನಿಮಿಷ ಕೇಳಬೇಕು.

ಈ ಮಾತಿನ ಒಳಗೇ ಒಂದು ಷರತ್ತು ಅಡಗಿದೆ. ಆ ಪರೀಕ್ಷೆಗಳಲ್ಲಿ ಕಿವಿ ಯಂತ್ರಕ್ಕೆ ಸಮನಾಗಿ ನಿಂತದ್ದು, ಬಸುರಿಯ ಪಕ್ಕದಲ್ಲಿ ಬಿಡದೆ ಕೇಳುವ ದಾದಿ ಇದ್ದುದರಿಂದ. ಡಬ್ಲಿನ್ನಿನಲ್ಲಿ ಹೆರುವ ಪ್ರತಿ ತಾಯಿಗೂ ಒಬ್ಬ ದಾದಿ ಜೊತೆಗಿರುವ ಪದ್ಧತಿ ಇತ್ತು.

ನಮ್ಮ ವಾರ್ಡಿನಲ್ಲಿ

ನಮ್ಮಲ್ಲಿ ಲೆಕ್ಕ ಹಾಕಿ ನೋಡೋಣ. ಚೊಚ್ಚಲ ಹೆರಿಗೆಯಲ್ಲಿ ಬಲಿತ ನೋವು 12 ಗಂಟೆಯವರೆಗೂ ಇರಬಹುದು. ಅರ್ಧ ಗಂಟೆಗೊಮ್ಮೆ ಎಂದರೆ 24 ಸಲ. ಕೂಸು ಹೊರಬರಲು ಒಂದು ಗಂಟೆ ಹಿಡಿದರೆ ಇನ್ನೂ 12 ಸಲ. ಒಟ್ಟು 36 ಸಲ, 36 ನಿಮಿಷ. ಹದಿಮೂರು ಗಂಟೆಯಲ್ಲಿ ಇದು ದೊಡ್ಡದಲ್ಲ. ಆದರೆ ಏಕಕಾಲಕ್ಕೆ ನಾಲ್ವರು ನೋವು ತಿನ್ನುತ್ತಿದ್ದು, ದಾದಿ ಒಬ್ಬಳೇ ಇದ್ದರೆ ಅದು 144 ಸಲ ಆಗುತ್ತದೆ. ಅದೇ ದಾದಿ ಹೆರಿಗೆಯನ್ನೂ ಮಾಡಿಸಬೇಕು, ಹುಟ್ಟಿದ ಕೂಸನ್ನೂ ಒರೆಸಿ ನೋಡಬೇಕು, ರಿಜಿಸ್ಟರನ್ನೂ ಬರೆಯಬೇಕು. ನಡುರಾತ್ರಿಯಲ್ಲಿ ತಪ್ಪಿಹೋಗುವುದು ಆ ಒಂದು ನಿಮಿಷವೇ. ಹೊಟ್ಟೆಗೆ ಪಟ್ಟಿ ಕಟ್ಟಿ ಯಂತ್ರ ಹಚ್ಚಿದರೂ, ಅದರ ಕಾಗದವನ್ನು ಓದುವವರು ಬೇಕೇ ಬೇಕು.

ಈ ಪ್ರಶ್ನೆ ಇಂದು ಮೊದಲಿಗಿಂತ ಹೆಚ್ಚು ತುರ್ತಿನದು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದರು, 2008ರಲ್ಲಿ 108 ಗಾಡಿಗಳು ರಾಜ್ಯದಲ್ಲಿ ಓಡತೊಡಗಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು 97ಕ್ಕೆ ಏರಿತು. ಸೂಲಗಿತ್ತಿಯ ಮನೆಗೆ ಹೋಗುತ್ತಿದ್ದ ಕರೆ ಈಗ ಆಸ್ಪತ್ರೆಗೆ ಬರುತ್ತಿದೆ. ಜೊತೆಗೆ ಸಿಸೇರಿಯನ್ ಕೂಡ 2015-16ರಲ್ಲಿ ನೂರಕ್ಕೆ 23.6 ಇದ್ದದ್ದು 2019-21ರಲ್ಲಿ 31.5 ಆಯಿತು. ಇದಕ್ಕೆ ಕಾರಣ ಹಲವು. ಕೂಸಿನ ಬಡಿತದ ಬಗೆಗಿನ ಅಂಜಿಕೆ ಅವುಗಳಲ್ಲಿ ಒಂದು.

ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, 1980ರ ದಶಕದಲ್ಲಿ ಹುಟ್ಟಿದ ಎರಡು ವೈದ್ಯಕೀಯ ಕಾಲೇಜುಗಳಿವೆ. ಭೂತನಾಳದವರಿಗೆ ಇವೆಲ್ಲ ಹತ್ತಿರ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದ ವಸ್ತಿಗಳಲ್ಲಿ, ತಾಂಡಾಗಳಲ್ಲಿ ಇರುವವರಿಗೆ ದಾರಿ ಉದ್ದ. ಅಂಥಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ ಹೊಟ್ಟೆಗೆ ಕೊಳವೆಯಿಟ್ಟು ಕೇಳಿದ ಬಡಿತವೇ ಮೊದಲ ಎಚ್ಚರಿಕೆ. ಆಕೆ ಹೊತ್ತಿಗೆ ಸರಿಯಾಗಿ ಕೇಳಿದರೆ ಗಾಡಿ ಕರೆಸಿ ನಗರಕ್ಕೆ ಕಳುಹಿಸಲು ಸಮಯ ಉಳಿಯುತ್ತದೆ. ಕೇಳದೆ ಬಿಟ್ಟರೆ ನಗರದ ಯಾವ ಯಂತ್ರವೂ ಆ ಕೂಸಿನ ನೆರವಿಗೆ ಬರಲಾರದು.

ಬೆಳಗಾವಿಯ ಹಾಳೆ

ಕೇಳಿದ್ದನ್ನು ಬರೆದಿಡುವುದೂ ಕೇಳಿದಷ್ಟೇ ಮುಖ್ಯ. 1972ರಲ್ಲಿ ಆಫ್ರಿಕದ ರೊಡೀಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಹೆರಿಗೆ ಹೇಗೆ ಸಾಗಿದೆ ಎಂಬುದನ್ನು ಒಂದೇ ಹಾಳೆಯ ನಕ್ಷೆಯಲ್ಲಿ ಗುರುತಿಸುವ ಕ್ರಮವನ್ನು ಪ್ರಕಟಿಸಿದರು. ದೂರದ ಹಳ್ಳಿಯ ದಾದಿ ಯಾವಾಗ ಆಸ್ಪತ್ರೆಗೆ ಕಳುಹಿಸಬೇಕೆಂದು ತಿಳಿಯಲಿ ಎಂಬುದು ಉದ್ದೇಶ. ಪಾರ್ಟೋಗ್ರಾಫ್ ಎಂಬ ಈ ಹಾಳೆಯಲ್ಲಿ ಕೂಸಿನ ಬಡಿತಕ್ಕೂ ಒಂದು ಸಾಲು ಇದೆ. ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾದ 35,484 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ 1994ರಲ್ಲಿ ಫಲ ಪ್ರಕಟಿಸಿತು, ಎಲ್ಲ ಕಡೆ ಬಳಸಲು ಸಲಹೆ ಮಾಡಿತು.

2020ರ ಡಿಸೆಂಬರಿನಲ್ಲಿ ಆ ಹಾಳೆಗೆ ಹೊಸ ರೂಪ ಬಂತು. ಇದರಲ್ಲಿ ಬಡಿತ 110ಕ್ಕಿಂತ ಇಳಿದರೆ, 160 ಮುಟ್ಟಿದರೆ ಎಚ್ಚರಿಸುವ ಅಂಕಣವಿದೆ. ಜೊತೆಗೆ, ಹೆರುವಾಕೆಯ ಬಳಿ ಅವಳಿಗೆ ಬೇಕಾದವರು ಯಾರಾದರೂ ಇದ್ದಾರೆಯೇ ಎಂದು ಕೇಳುವ ಅಂಕಣವೂ ಇದೆ. ತಾಯಿಯೋ ಅತ್ತಿಯೋ ಅಕ್ಕನೋ ಪಕ್ಕದಲ್ಲಿರುವುದು ಉಪಚಾರದ ಮಾತಲ್ಲ, ಚಿಕಿತ್ಸೆಯ ಒಂದು ಭಾಗ ಎಂದು ಈ ಹಾಳೆ ಒಪ್ಪಿಕೊಂಡಿದೆ.

ಈ ಹೊಸ ಹಾಳೆಯ ದೊಡ್ಡ ಪರೀಕ್ಷೆಯೊಂದರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರ ಪಾತ್ರ ಹಿರಿದು. 2021ರ ಜುಲೈಯಿಂದ ಒಂದು ವರ್ಷ ಭಾರತದ 4 ಆಸ್ಪತ್ರೆಗಳಲ್ಲಿ, 26,331 ಮಹಿಳೆಯರಲ್ಲಿ ನಡೆದ ಈ ಪರೀಕ್ಷೆಯ ಫಲ 2024ರಲ್ಲಿ ಪ್ರಕಟವಾಯಿತು. ಅಪಾಯವಿಲ್ಲದ ಚೊಚ್ಚಲ ಹೆರಿಗೆಗಳಲ್ಲಿ ಸಿಸೇರಿಯನ್ ನೂರಕ್ಕೆ 45.2ರಿಂದ 39.7ಕ್ಕೆ ಇಳಿದದ್ದು ಕಂಡಿತು. ಇಳಿಕೆಗೆ ಹಾಳೆಯೇ ಕಾರಣವೆಂದು ಖಚಿತವಾಗಿ ಹೇಳಲು ಅಂಕಿಗಳ ಬಲ ಸಾಲದು ಎಂಬುದನ್ನೂ ಒಪ್ಪಬೇಕು. ಆದರೆ ನೋವು ಹೆಚ್ಚಿಸುವ ಔಷಧಿಯ ಬಳಕೆ ಗಮನಾರ್ಹವಾಗಿ ಕಡಿಮೆಯಾಗಿತ್ತು. ಒಂದು ಹಾಳೆ, ಒಂದು ಪೆನ್ನು, ಹೊತ್ತು ಹೊತ್ತಿಗೆ ಕಿವಿಗೊಡುವ ಅಭ್ಯಾಸ, ಇಷ್ಟರಿಂದ ಏನು ಸಾಧ್ಯ ಎಂಬುದನ್ನು ನಮ್ಮ ನೆರೆಯ ಜಿಲ್ಲೆಯವರು ಜಗತ್ತಿಗೆ ಪರೀಕ್ಷಿಸಿ ತೋರಿಸಿದ್ದಾರೆ.

2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೆರಿಗೆಗೆಂದೇ ವಿಶೇಷ ತರಬೇತಿ ಪಡೆದ ದಾದಿಯರನ್ನು ಸಿದ್ಧಪಡಿಸುವ ಮಾರ್ಗಸೂಚಿ ಹೊರಡಿಸಿತು. ಅಂಥ ದಾದಿಯರು ಎಲ್ಲ ಹೆರಿಗೆ ವಾರ್ಡುಗಳಿಗೂ ಬಂದರೆ, ಸೂಲಗಿತ್ತಿಯ ಕೈಯಲ್ಲಿದ್ದ ತಾಳ್ಮೆಯೂ ವೈದ್ಯಶಾಸ್ತ್ರದ ಎಣಿಕೆಯೂ ಒಂದೆಡೆ ಸೇರಿದಂತಾಗುತ್ತದೆ.

ಗೋಳಗುಮ್ಮಟದಲ್ಲಿ ಪಿಸುಮಾತು ಕೇಳಬೇಕಾದರೂ ಎದುರಿನ ಗೋಡೆಯ ಬಳಿ ಒಬ್ಬರು ಕಿವಿಯಿಟ್ಟು ನಿಂತಿರಬೇಕು. ಭೂತನಾಳದ ಬಸುರಿಯ ಹೊಟ್ಟೆಯೊಳಗಿನ ಕೂಸಿಗೂ ಬೇಕಾಗಿರುವುದು ಅಷ್ಟೇ, ಅರ್ಧ ಗಂಟೆಗೊಮ್ಮೆ ತಪ್ಪದೆ ಬಂದು ಒಂದು ನಿಮಿಷ ಕೇಳುವ ಒಬ್ಬರು. ಕೊಳವೆಯೋ ಯಂತ್ರವೋ ಎಂಬುದು ಆಮೇಲಿನ ಮಾತು.